ಕಿಟಕಿ ಕೋಣೆಯ ಹಂಗೇರಿಯವಳು

ವಿಯೆನ್ನಾ, 1941 ಆಗಸ್ಟ್ 24, ಭಾನುವಾರ

ಇವತ್ತಿನಿಂದ ನಮ್ಮ ಕಿಟಕಿ ಕೋಣೆ ನಮ್ಮದಲ್ಲ. ವಸತಿ ಕಚೇರಿಯವರು ಕೈಗೊಂದು ಚೀಟಿ ಕೊಟ್ಟು ತಾಯಿ ಮಗಳಿಬ್ಬರನ್ನು ನಮ್ಮ ಮನೆಗೆ ತಳ್ಳಿದ್ದಾರೆ. ತಾಯಿ ಶ್ರೀಮತಿ ವಾಮೋಶ್, ಬುಡಾಪೆಸ್ಟಿನವಳು. ಗಂಡ ಕಳೆದ ಚಳಿಗಾಲದಲ್ಲಿ ಯಾವುದೋ ಶಿಬಿರದಲ್ಲಿ ಸತ್ತನಂತೆ. ಮಗಳು ಎತೆಲ್ಕಾ, ನಮ್ಮ ಹೆಲ್ಲಿಗಿಂತ ನಾಲ್ಕು ತಿಂಗಳಿಗೆ ದೊಡ್ಡವಳು, ಒಂಬತ್ತು ವರ್ಷ. ನಾನು, ನನ್ನ ಗಂಡ ಎಮಿಲ್, ಮಗಳು ಹೆಲ್ಲಿ, ಅತ್ತೆ, ನಾಲ್ಕು ಜನವೂ ಈಗ ಹಿತ್ತಲ ಕಡೆಯ ಕತ್ತಲೆ ಕೋಣೆಯಲ್ಲಿ. ಅಡುಗೆಮನೆ ಎರಡು ಸಂಸಾರಕ್ಕೂ ಸೇರಿ.

"ಅವಳಿಗೇ ಯಾಕೆ ಕಿಟಕಿ?" ಎಂದು ಎಮಿಲನನ್ನು ಕೇಳಿದೆ.

"ಪರದೇಶದವರಂತೆ ಮಿನ್ನಿ. ಹಂಗೇರಿ ಪ್ರಜೆ. ಚೀಟೀಲಿ ಹಾಗೇ ಬರ್ದಿದೆ."

"ಯೆಹೂದಿ ಅಂತ ಬರ್ದಿಲ್ವಾ?"

"ಅದೂ ಬರ್ದಿದೆ. ಆದ್ರೆ ಹಂಗೇರಿ ಯೆಹೂದಿ."

ಹದಿಮೂರು ವರ್ಷ ಆ ಕಿಟಕಿಯ ಬೆಳಕಿನಲ್ಲಿ ಕೂತು ನಾನು ಕೈಗವಸು ಹೊಲಿದಿದ್ದೇನೆ. ಹೆಲ್ಲಿ ಮೊದಲ ಹೆಜ್ಜೆ ಇಟ್ಟದ್ದು ಅದೇ ಕಿಟಕಿಯ ಕೆಳಗೆ. ಆ ಹೆಂಗಸು ಒಳಗೆ ಬಂದವಳೇ ಟೋಪಿ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಎಮಿಲ್ ಕುರ್ಚಿಯಿಂದ ಎದ್ದು ನಿಂತ. ನಾನು ಒಳಗೆ ಬಂದಾಗ ಅವನು ಹಾಗೆ ಎದ್ದು ನಿಂತು ಎಷ್ಟು ಕಾಲವಾಯಿತೋ.

ಈ ಪುಸ್ತಕ ಹಳೆಯ ಕೈಗವಸಿನ ಅಂಗಡಿಯಲ್ಲಿ ಗಿರಾಕಿಗಳ ಕೈ ಅಳತೆ ಬರೆದುಕೊಳ್ಳುತ್ತಿದ್ದದ್ದು. ಅರ್ಧ ಖಾಲಿ ಇದೆ. ಯಾರಿಗೂ ಹೇಳಲಾಗದ್ದನ್ನು ಇದರಲ್ಲಿ ಬರೆದುಕೊಳ್ಳುತ್ತೇನೆ.

ಆಗಸ್ಟ್ 31

ಅವಳಿಗೆ ಬುಡಾಪೆಸ್ಟಿನಿಂದ ಪಾರ್ಸೆಲ್ ಬಂದಿದೆ. ಅಣ್ಣ ಕಳಿಸಿದ್ದಂತೆ. ಬಾತುಕೋಳಿಯ ಕೊಬ್ಬು, ಒಣಮೆಣಸಿನ ಪುಡಿ, ಒಂದು ಗಟ್ಟಿ ಸಾಸೇಜು. ನಮ್ಮ ಪಾಲಿಗೆ ಗೆಡ್ಡೆಕೋಸು ಮತ್ತು ಕೊಳೆತ ಆಲೂಗಡ್ಡೆ; ಅಂಗಡಿಗೆ ಹೋಗಲು ನಮಗೆ ಬಿಡುವ ಹೊತ್ತಿನಲ್ಲಿ ಉಳಿದಿರುವುದೇ ಅದು. ಕೊಬ್ಬಿನಲ್ಲಿ ಈರುಳ್ಳಿ ಹುರಿದ ವಾಸನೆ ಮನೆಯೆಲ್ಲ ಹಬ್ಬಿತು. ಅತ್ತೆಗೆ ಕಣ್ಣು ಮುಕ್ಕಾಲು ಪಾಲು ಹೋಗಿದೆ, ಮೂಗು ಮಾತ್ರ ನಾಯಿಯದು.

"ಮಿನ್ನಿ, ಮೂಗು ಮುಚ್ಚಿಕೊಂಡು ಯಾಕೆ ಕೂತೆ? ವಾಸನೆಗೆ ಇನ್ನೂ ರೇಷನ್ ಮಾಡಿಲ್ಲ. ಮೂಸು."

ಅವಳು ನಾಲ್ಕು ತಟ್ಟೆಗಳಲ್ಲಿ ನಮಗೂ ತಂದುಕೊಟ್ಟಳು. ಎಲ್ಲರೂ ತಿಂದರು. ನಾನು ಹೊಟ್ಟೆ ಸರಿಯಿಲ್ಲವೆಂದೆ. ಅವಳು ನನ್ನ ತಟ್ಟೆಯನ್ನು ಮುಚ್ಚಿಟ್ಟು ಹೋದಳು. ಆಮೇಲೆ ಯಾರೂ ಇಲ್ಲದಾಗ ತಿಂದೆ, ತಟ್ಟೆ ನೆಕ್ಕಿ ತೊಳೆದಿಟ್ಟೆ. ಅವಳಿಗೆ ಗೊತ್ತಾಗಿದೆ. ಅದೇ ನನಗೆ ಸಹಿಸಲಾಗುತ್ತಿಲ್ಲ.

ಸೆಪ್ಟೆಂಬರ್ 9

ಕಾರ್ಖಾನೆಯಲ್ಲಿ ದಿನಕ್ಕೆ ಹತ್ತು ಗಂಟೆ ಸೈನಿಕರ ಕೋಟಿಗೆ ಗುಂಡಿಯ ತೂತು ಹೊಲಿಯುತ್ತೇನೆ. ಎಮಿಲ್, ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವನು, ಈಗ ಊರ ಕಸದ ಗುಡ್ಡೆಯಲ್ಲಿ ಎಲುಬು ಬೇರೆ, ಚಿಂದಿ ಬೇರೆ ಆರಿಸುತ್ತಾನೆ. ಇಡೀ ದಿನ ಹೆಲ್ಲಿ ಯಾರ ಹತ್ತಿರ ಇರುತ್ತಾಳೆ? ಅವಳ ಹತ್ತಿರ. ಸಂಜೆ ನಾನು ಬಂದರೆ ಓಡಿಬಂದು ಅಪ್ಪಿಕೊಳ್ಳುತ್ತಿದ್ದ ಹುಡುಗಿ ಈಗ ಕಿಟಕಿ ಕೋಣೆಯಿಂದಲೇ ಕೂಗುತ್ತಾಳೆ: "ಅಮ್ಮಾ, ಬಂದ್ಯಾ? ಇದೊಂದ್ ಆಟ ಮುಗಿಸಿ ಬರ್ತೀನಿ."

ಅವಳನ್ನು 'ಪಿರಿ ಚಿಕ್ಕಮ್ಮ' ಎಂದು ಕರೆಯುತ್ತಿದ್ದಾಳೆ. ಯಾರು ಹೇಳಿಕೊಟ್ಟರು ಎಂದರೆ, "ಯಾರೂ ಇಲ್ಲ, ನಂಗೇ ಅನ್ಸ್ತು" ಅಂದಳು.

ಸೆಪ್ಟೆಂಬರ್ 18, ಗುರುವಾರ

ನಾಳೆಯಿಂದ ಹಳದಿ ನಕ್ಷತ್ರ. ಆರು ವರ್ಷ ದಾಟಿದ ಯೆಹೂದಿಗಳೆಲ್ಲ ಎಡ ಎದೆಯ ಮೇಲೆ ಬಿಗಿಯಾಗಿ ಹೊಲಿದುಕೊಳ್ಳಬೇಕು. ಹಂಗೇರಿಯವರಿಗೆ ಬೇಡವಂತೆ.

ಎಮಿಲನ ಕೋಟಿಗೆ, ಅತ್ತೆಯ ಶಾಲಿಗೆ ಹೊಲಿದು ಮುಗಿಸಿದ್ದೆ. ಹೆಲ್ಲಿಯ ಕೋಟು ಹುಡುಕಿದರೆ ಇಲ್ಲ. ಕಿಟಕಿ ಕೋಣೆಗೆ ಹೋದೆ. ಆ ಹೆಂಗಸು ಕೋಟನ್ನು ಮಡಿಲಲ್ಲಿ ಹಾಕಿಕೊಂಡು ಹೊಲಿಯುತ್ತಿದ್ದಾಳೆ. ಹೆಲ್ಲಿ, ಎತೆಲ್ಕಾ ಎರಡೂ ಕಡೆ ಕೂತಿದ್ದಾರೆ.

"ಕ್ಷಮಿಸಿ," ಅಂದಳು. "ಬೆಳಗ್ಗೆಯಿಂದ ಹೊಲಿದು ಹೊಲಿದು ದಣಿದಿರ್ತೀರಿ, ಒಂದಾದ್ರೂ ನಾನು ಹೊಲಿಯೋಣ ಅಂತ."

"ಅಮ್ಮಾ, ನೋಡು," ಎಂದಳು ಹೆಲ್ಲಿ. "ಪಿರಿ ಚಿಕ್ಕಮ್ಮನ ಹೊಲಿಗೆ ಎಷ್ಟು ಸಣ್ಣಕ್ಕಿದೆ! ಕಾಣೋದೇ ಇಲ್ಲ."

ಇದನ್ನು ಹೇಳಿದ್ದು ನನಗೆ! ಮೇಕೆ ಚರ್ಮದ ಕೈಗವಸನ್ನು ಕಣ್ಣಿಗೆ ಕಾಣದಂತೆ ಹೊಲಿಯುವವಳೆಂದು ಈ ಬೀದಿಗೆಲ್ಲ ಗೊತ್ತಿದ್ದ ನನಗೆ. ಕೋಟು ಕಿತ್ತುಕೊಂಡು ಬಂದು ಪ್ರತಿಯೊಂದು ಎಳೆಯನ್ನೂ ಬಿಚ್ಚಿ ಮತ್ತೆ ನಾನೇ ಹೊಲಿದೆ. ಎಮಿಲ್ ನೋಡುತ್ತಲೇ ಇದ್ದ.

"ಇದು ಮಗಳ ಮದುವೆ ಲಂಗ ಅಲ್ಲ ಮಿನ್ನಿ," ಅಂದ. "ಈ ದರಿದ್ರದ ಚಿಂದಿಗೆ ಯಾರ ಹೊಲಿಗೆ ಚೆನ್ನ ಅಂತ ಪಂದ್ಯ ಕಟ್ತೀಯಲ್ಲ."

ಅವನಿಗೆ ಅರ್ಥವಾಗುವುದಿಲ್ಲ. ಆ ಹುಡುಗಿಯ ಎದೆಯ ಮೇಲೆ ಹೊಲಿಯುವುದೇನಿದ್ದರೂ ನಾನು ಹೊಲಿಯಬೇಕು.

ಸೆಪ್ಟೆಂಬರ್ 21

ಹೆಲ್ಲಿ ಮನೆಯಿಂದ ಹೊರಗೆ ಹೋಗುವುದಿಲ್ಲವೆಂದು ಹಟ ಹಿಡಿದಿದ್ದಾಳೆ. ಬೀದಿಯಲ್ಲಿ ಯಾರೋ ಉಗಿದರಂತೆ. ಎತೆಲ್ಕಾ ಕೆಂಪು ಕೋಟು ಹಾಕಿಕೊಂಡು, ಎದೆಯ ಮೇಲೆ ಏನೂ ಇಲ್ಲದೆ, ಉದ್ಯಾನಕ್ಕೆ ಹೋಗಿ ಚೆಸ್ಟ್‌ನಟ್ ಬೀಜ ಆರಿಸಿ ತಂದಳು. ಅರ್ಧ ಹೆಲ್ಲಿಗೆ ಕೊಟ್ಟಳು. ಒಳ್ಳೆಯ ಮಗು, ಗೊತ್ತು. ಆದರೂ ಆ ಖಾಲಿ ಕೆಂಪು ಎದೆಯನ್ನು ನೋಡಿದರೆ ನಾನು ಮುಖ ತಿರುಗಿಸಿಬಿಡುತ್ತೇನೆ.

ಅಕ್ಟೋಬರ್ 1

ಪ್ರಾಯಶ್ಚಿತ್ತದ ದಿನ. ಉಪವಾಸ ಮಾಡಿದೆ, ಈಗ ಅದಕ್ಕೆ ಹೆಚ್ಚೇನೂ ಕಷ್ಟ ಪಡಬೇಕಿಲ್ಲ. ಮಾಡಿದ ತಪ್ಪುಗಳನ್ನೆಲ್ಲ ಎದೆ ತಟ್ಟಿ ಹೇಳಿಕೊಂಡೆ. ಅಸೂಯೆಯ ಪಾಪಕ್ಕೆ ಬಂದಾಗ ನಾಲಿಗೆ ಏಳಲಿಲ್ಲ. ಪಕ್ಕದ ಕೋಣೆಯಲ್ಲಿ ಹೆಲ್ಲಿ ಹಂಗೇರಿ ಭಾಷೆಯಲ್ಲಿ ಇಪ್ಪತ್ತರವರೆಗೆ ಎಣಿಸುತ್ತಿದ್ದಳು. ತಪ್ಪಿಲ್ಲದೆ.

ಅಕ್ಟೋಬರ್ 16

ಮೂರನೇ ಮಹಡಿಯ ಫ್ಲೆಶ್ನರ್ ಸಂಸಾರವನ್ನು ನಿನ್ನೆ ಕರೆದೊಯ್ದರು. ಐದು ಜನ, ತಲೆಗೆ ಒಂದೊಂದು ಪೆಟ್ಟಿಗೆ. ಪೋಲೆಂಡಿಗಂತೆ. ಹೆಲ್ಲಿ ಓದುತ್ತಿದ್ದ ಶಾಲೆಯಲ್ಲೇ ಮೊದಲು ಕೂಡಿಹಾಕುವುದು. ಮಕ್ಕಳು ಕೂರುತ್ತಿದ್ದ ಬೆಂಚುಗಳನ್ನೆಲ್ಲ ಅಂಗಳಕ್ಕೆ ಎಸೆದಿದ್ದಾರೆ. ಕೆಳಗಿನ ಮನೆಗಾವಲಿನ ಹ್ರುಷ್ಕಾ ಆಗಲೇ ಫ್ಲೆಶ್ನರ್‌ರ ಪರದೆಗಳನ್ನು ತನ್ನ ಕಿಟಕಿಗೆ ಹಾಕಿಕೊಂಡಿದ್ದಾಳೆ.

ಎಲ್ಲರಿಗೂ ಸರದಿ ಬರುತ್ತದೆ ಎನ್ನುತ್ತಾರೆ. ಎಲ್ಲರಿಗೂ ಅಂದರೆ, ಒಬ್ಬರನ್ನು ಬಿಟ್ಟು.

ಅಕ್ಟೋಬರ್ 24

ಬಂತು. ಅವಳ ಪಾಸ್‌ಪೋರ್ಟಿಗೆ ಠಸ್ಸೆ ಬಿತ್ತು. 'ಶ್ರೀಮತಿ ಪಿರೋಷ್ಕಾ ವಾಮೋಶ್ ಮತ್ತು ಮಗಳು', ನವೆಂಬರ್ ಹತ್ತರೊಳಗೆ ಗಡಿ ದಾಟಿ ಹಂಗೇರಿಗೆ ಮರಳಬೇಕು. ಅಡುಗೆಮನೆಯ ಮೇಜಿನ ಮೇಲೆ ಪಾಸ್‌ಪೋರ್ಟ್ ಬಿಚ್ಚಿಟ್ಟು ಅತ್ತೆಗೆ ಓದಿ ಹೇಳುತ್ತಿದ್ದಳು. ನಾನೂ ನೋಡಿದೆ. ಫೋಟೋ ಅವಳೊಬ್ಬಳದೇ. ಮಗುವಿನದು ಬರೀ ಒಂದು ಸಾಲು: ಹೆಸರು, ಹುಟ್ಟಿದ ತಾರೀಖು. ಒಂದು ಸಾಲು! ಒಂದು ಸಾಲಿನ ಶಾಯಿಯಿಂದ ಒಂದು ಮಗು ರೈಲು ಹತ್ತುತ್ತದೆ, ಇನ್ನೊಂದು ಮಗು ಪೆಟ್ಟಿಗೆ ಹೊತ್ತು ಶಾಲೆಗೆ ನಡೆಯುತ್ತದೆ.

"ನಿಮಗೆ ಒಳ್ಳೇದಾಯ್ತು," ಎಂದೆ. ದನಿ ನನಗೇ ವಿಷದಂತೆ ಕೇಳಿಸಿತು.

"ನಿಮ್ಮನ್ನೆಲ್ಲ ಬಿಟ್ಟು ಹೋಗೋಕೆ…"

"ಬೇಡ ಬಿಡಿ. ಅದನ್ನ ಹೇಳ್ಬೇಡಿ."

ಇಲ್ಲಿ ಬರೆದುಬಿಡುತ್ತೇನೆ. ಆ ಹೆಂಗಸಿಗೂ ಒಂದು ದಿನ ಗೊತ್ತಾಗಲಿ ಎಂದುಕೊಂಡೆ. ನನಗಾಗುತ್ತಿರುವುದು ಏನೆಂದು ಅವಳ ಕರುಳಿಗೂ ಗೊತ್ತಾಗಲಿ.

ಅಕ್ಟೋಬರ್ 28

ಎತೆಲ್ಕಾಗೆ ಜ್ವರ. ಕಲ್ಲಿದ್ದಲಿಲ್ಲ, ಮನೆ ಮಂಜುಗಡ್ಡೆ. ಅವಳ ತಾಯಿ ಆ ಕೆಂಪು ಕೋಟನ್ನು ಹೊದಿಕೆಯ ಮೇಲೆ ಹೊದಿಸಿದ್ದಾಳೆ.

ಅಕ್ಟೋಬರ್ 30

ನ್ಯುಮೋನಿಯಾ. ಡಾಕ್ಟರ್ ಪಿಕ್ ಬಂದಿದ್ದರು. ಯೆಹೂದಿಯಾದ ಅವರು ತಮ್ಮನ್ನು ಡಾಕ್ಟರ್ ಎಂದು ಕರೆದುಕೊಳ್ಳುವಂತಿಲ್ಲ, ಬಾಗಿಲ ಫಲಕದಲ್ಲಿ 'ರೋಗಿಗಳ ಉಪಚಾರಕ' ಎಂದು ಬರೆಸಿದ್ದಾರೆ. ನಮ್ಮವರ ಆಸ್ಪತ್ರೆಯಲ್ಲಿ ಸೋಮವಾರದವರೆಗೆ ಹಾಸಿಗೆಯಿಲ್ಲವಂತೆ. "ಬೆಚ್ಚಗಿಡಿ," ಅಂದರು. ಏನಿಟ್ಟು?

ಎಮಿಲ್ ನಮ್ಮ ಮಂಚದ ಹಲಗೆ ಒಡೆದು ಅವಳ ಒಲೆಗೆ ಹಾಕಿದ. ಎರಡನೇ ಹಲಗೆಯನ್ನು ನಾನೇ ತಂದುಕೊಟ್ಟೆ.

ಅತ್ತೆಯನ್ನು ಕೇಳಿದೆ, "ಕಣ್ಣು ತಾಗತ್ತೆ ಅಂತಾರಲ್ಲ, ಅದು ನಿಜವಾ?"

"ಯಾರ ಕಣ್ಣು?"

"ಸುಮ್ನೆ ಕೇಳ್ದೆ."

ಮುದುಕಿ ತನ್ನ ಬೆಳ್ಳಗಾದ ಕಣ್ಣುಗಳನ್ನು ನನ್ನ ಕಡೆ ತಿರುಗಿಸಿದರು. "ಅಷ್ಟು ಶಕ್ತಿ ನಮ್ಮ ಕಣ್ಣಿಗೆ ಇದ್ದಿದ್ರೆ ಮಿನ್ನಿ, ಹೊರಗೆ ಬೂಟು ಹಾಕ್ಕೊಂಡು ಓಡಾಡ್ತಿರೋ ಒಬ್ಬನೂ ಇಷ್ಟೊತ್ತಿಗೆ ಉಳೀತಿರಲಿಲ್ಲ."

ನವೆಂಬರ್ 1, ಶನಿವಾರ

ಆದದ್ದನ್ನು ಆದ ಹಾಗೇ ಬರೆಯಬೇಕು.

ಬೆಳಿಗ್ಗೆ ಏಳು ಗಂಟೆಗೆ ಎತೆಲ್ಕಾ ತೀರಿಕೊಂಡಳು. ಎಮಿಲ್ ಆಗಲೇ ಕೆಲಸಕ್ಕೆ ಹೋಗಿದ್ದ. ಈ ವಾರ ನನ್ನದು ರಾತ್ರಿ ಪಾಳಿ, ಆಗತಾನೆ ಬಂದಿದ್ದೆ. ಕಿಟಕಿ ಕೋಣೆಯಲ್ಲಿ ಸದ್ದೇ ಇರಲಿಲ್ಲ. ಬಾಗಿಲು ತಳ್ಳಿದೆ. ಅವಳು ಮಗುವಿನ ಕೂದಲು ಬಾಚುತ್ತಿದ್ದಳು. ಬಾಚಿ ಮುಗಿಸಿ, ಹಣಿಗೆ ಒರೆಸಿ, ಪೆಟ್ಟಿಗೆಯಲ್ಲಿಟ್ಟಳು. ಆಮೇಲೆ ನನ್ನ ಕಡೆ ನೋಡಿ ಬಹಳ ಮೆಲ್ಲಗೆ ಹೇಳಿದಳು:

"ಹತ್ತು ಗಂಟೆಗೆ ಡಾಕ್ಟರ್ ಬರ್ತಾರೆ. ಸತ್ತೋರ ಹೆಸರು ಕೇಳ್ತಾರೆ. ನಿಮ್ಮ ಮಗಳ ಹೆಸರು ಹೇಳಿ."

ನನಗೆ ಅರ್ಥವಾಗಲಿಲ್ಲ.

"ನನ್ನ ಪಾಸ್‌ಪೋರ್ಟಲ್ಲಿ ಒಬ್ಬಳು ಮಗಳಿದಾಳೆ. ಹತ್ತನೇ ತಾರೀಖಿನ ತನಕ ಅವಳು ಬದುಕಿರ್ತಾಳೆ. ಹೆಲ್ಲಿ ನನ್ನ ಜೊತೆ ಬರ್ಲಿ. ಎತೆಲ್ಕಾ ಆಗಿ."

ನಾನು ಅವಳ ಕೆನ್ನೆಗೆ ಹೊಡೆದೆ. ಸತ್ತ ಮಗುವಿನ ಎದುರಿಗೇ ಹೊಡೆದೆ. "ನಿನ್ನದು ಹೋಯ್ತು ಅಂತ ನನ್ನದನ್ನ ಕಿತ್ಕೊಳ್ತೀಯಾ? ಬಂದ ದಿನದಿಂದ ಅದಕ್ಕೇ ಕಾಯ್ತಿದ್ಯಾ?" ಎಂದು ಕಿರುಚಿದೆ.

ಅವಳು ಕೆನ್ನೆ ಮುಟ್ಟಿಕೊಳ್ಳಲಿಲ್ಲ. "ನಿಮ್ಮ ಮೇಲಿನ ಪ್ರೀತಿಗೆ ಹೇಳ್ತಿಲ್ಲ," ಅಂದಳು. "ಒಬ್ಬಳೇ ಆ ರೈಲು ಹತ್ತೋಕೆ ನನ್ನಿಂದಾಗಲ್ಲ. ಅಷ್ಟೇ."

ಅತ್ತೆ ಗೋಡೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಿದ್ದರು. ಹೆಲ್ಲಿ ಇನ್ನೂ ಮಲಗಿದ್ದಳು.

ಡಾಕ್ಟರ್ ಪಿಕ್ ಬಂದರು. ಮೂರು ದಿನದಿಂದ ಆ ಮಗುವಿನ ನಾಡಿ ಹಿಡಿದವರು. ಮಗುವಿನ ಕಣ್ಣು ನೋಡಿದರು. ಬರೆಯಲು ಕಾಗದ ತೆಗೆದು ಕೂತರು. ಶ್ರೀಮತಿ ವಾಮೋಶ್ ಅವರ ಕಿವಿಯಲ್ಲಿ ಏನೋ ಹೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನನಗೆ ಇದಿಲ್ಲದೆ ಮುಖ ಗೊತ್ತಾಗಲ್ಲ," ಅಂದರು. "ಈ ವಯಸ್ಸಿನ ಹುಡುಗೀರು ಎಲ್ಲರೂ ಒಂದೇ ಥರ ಕಾಣ್ತಾರೆ. ತಾಯಿ ಯಾರೋ ಅವರು ಹೆಸರು ಹೇಳಿ, ಬರ್ಕೋತೀನಿ."

ಅವಳು ನನ್ನನ್ನೇ ನೋಡುತ್ತಿದ್ದಳು. ಹೇಳಿದರೆ ಅವಳಿಗೆ ಕೊಟ್ಟಂತೆ. ಹೇಳದಿದ್ದರೆ ಯಾರಿಗೆ ಕೊಟ್ಟಂತೆ?

"ಮಿನ್ನಿ," ಎಂದರು ಅತ್ತೆ. "ಹೊಟ್ಟೆಕಿಚ್ಚು ಆಮೇಲೆ ಪಡು. ಈಗ ಹೆಸರು ಹೇಳು."

"ಹೆಲೆನೆ ಲೋಬ್ಲ್," ಎಂದೆ. "ಒಂಬತ್ತು ವರ್ಷ."

ನವೆಂಬರ್ 2

ನಿನ್ನೆ ಸಂಜೆ ಎಮಿಲನಿಗೆ ಎಲ್ಲವನ್ನೂ ಹೇಳಿದೆ. ಬೆಳಿಗ್ಗೆ ಹೆಲ್ಲಿಯನ್ನು ಮಡಿಲಲ್ಲಿ ಕೂರಿಸಿಕೊಂಡು ಅವನೇ ಹೇಳಿದ. ಹೆಲ್ಲಿ ಮೊದಲು ಎತೆಲ್ಕಾಗಾಗಿ ಅತ್ತಳು. ಆಮೇಲೆ ಕೇಳಿದಳು, "ನೀವೆಲ್ಲ ಯಾವಾಗ ಬರ್ತೀರಿ?"

"ನಮ್ಮ ಕಾಗದ ಸರಿಯಾದ ತಕ್ಷಣ," ಅಂದ ಎಮಿಲ್.

ನನ್ನ ಗಂಡನಿಗೆ ಸುಳ್ಳು ಹೇಳಲು ಬರುವುದಿಲ್ಲವೆಂದು ಇಷ್ಟು ವರ್ಷ ತಿಳಿದಿದ್ದೆ.

ನವೆಂಬರ್ 4, ಮಂಗಳವಾರ

ಮಣ್ಣು ಮಾಡಿ ಬಂದೆವು. ಅತ್ತೆ ಮನೆಯಲ್ಲಿ ಹೆಲ್ಲಿಯನ್ನು ಕಾಯ್ದರು. ಮರದ ಪಟ್ಟಿಯ ಮೇಲೆ ನನ್ನ ಮಗಳ ಹೆಸರು. ಓದಬಾರದೆಂದುಕೊಂಡೆ, ಓದಿದೆ.

ಹೆಣ ಕಳಿಸುವ ಮೊದಲು ಪಿರೋಷ್ಕಾ ಎಮಿಲನ ತೋಳು ಹಿಡಿದು ಕೇಳಿದ್ದಳು, "ಪ್ರಾರ್ಥನೇಲಿ ಏನಂತ ಕರೀತೀರಿ?" ಅವಳ ಮಗಳಿಗೆ ಇಟ್ಟಿದ್ದ ಹೀಬ್ರೂ ಹೆಸರು ಎಸ್ತೆರ್. ಎಮಿಲ್ ಗುಂಡಿಯ ಅಂಚಿನಲ್ಲಿ ನಿಂತು ಅದನ್ನೇ ಹೇಳಿದ, ತುಟಿಯೊಳಗೇ, ಪಕ್ಕದವರಿಗೂ ಕೇಳದ ಹಾಗೆ.

ಕಾರ್ಖಾನೆಯ ಮೂವರು ಹೆಂಗಸರು ಬಂದಿದ್ದರು. ಒಬ್ಬೊಬ್ಬರಾಗಿ ನನ್ನ ಕೈ ಹಿಡಿದು ಅತ್ತರು. ನನಗೆ ಅಳು ಬಂತು, ಸುಳ್ಳಿನ ಅಳುವಲ್ಲ. ಅವಳು ಎಲ್ಲರ ಹಿಂದೆ, ಬಾಡಿಗೆಯವರು ನಿಲ್ಲುವ ಜಾಗದಲ್ಲಿ ನಿಂತಿದ್ದಳು. ಮಣ್ಣು ಹಾಕುವಾಗ ಮೊದಲು ನಾನು, ಆಮೇಲೆ ಎಮಿಲ್, ಕಾರ್ಖಾನೆಯವರು. ಕೊನೆಗೆ ಅವಳಿಗೆ ಸಲಿಕೆ ಸಿಕ್ಕಿತು. ಮೂರೇ ಸಲಿಕೆ. ಹೆಚ್ಚು ಹಾಕಿದರೆ ಯಾರಾದರೂ ನೋಡುತ್ತಾರೆ.

ಜನ ನನ್ನ ಕೈ ಹಿಡಿಯುತ್ತಿದ್ದಾಗ ಅವಳು ಆ ಕೈಗಳನ್ನೇ ನೋಡುತ್ತಿದ್ದಳು. ಆ ನೋಟ ನನಗೆ ಗುರುತಿದೆ. ಎರಡು ತಿಂಗಳಿಂದ ನಾನು ಅವಳನ್ನು ನೋಡುತ್ತಿದ್ದದ್ದು ಅದೇ ಕಣ್ಣಿನಿಂದ.

ಸಂಜೆ ಹ್ರುಷ್ಕಾ ಬಾಗಿಲಿಗೆ ಬಂದಳು. "ಪಾಪ, ನಿಮ್ಮ ಹುಡುಗಿ. ಆದ್ರೆ ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು ಬಿಡಿ. ಮುಂದಿನದನ್ನ ನೋಡೋ ಹಾಗಿಲ್ಲ." ಮಾತಾಡುತ್ತ ನನ್ನ ಹೆಗಲ ಮೇಲಿಂದ ಒಳಗೆ ಇಣುಕುತ್ತಿದ್ದಳು. "ಹಂಗೇರಿಯವಳ ಮಗು ಎಲ್ಲಿ, ಕಾಣಲ್ಲ?"

"ಅದಕ್ಕೂ ಜ್ವರ," ಎಂದೆ. "ಹತ್ತಿರ ಹೋಗ್ಬೇಡಿ."

ನವೆಂಬರ್ 5

ಹೆಲ್ಲಿಯ ಎರಡು ಜಡೆಗಳನ್ನು ಕತ್ತರಿಸಿದೆ. ಎತೆಲ್ಕಾಳದು ಕಿವಿಯವರೆಗಿನ ಕೂದಲು. ನಾನೇ ಕತ್ತರಿಸುತ್ತೇನೆಂದು ಮೊದಲೇ ಹೇಳಿದ್ದೆ. ಪಿರೋಷ್ಕಾ ಹಿಂದೆ ನಿಂತು, "ಹಣೆ ಮೇಲೆ ಇನ್ನೂ ಸ್ವಲ್ಪ ಗಿಡ್ಡ ಇತ್ತು," ಅಂದಳು. ಅಂದವಳೇ ಹೊರಗೆ ಹೋಗಿ ನಲ್ಲಿಯ ಹತ್ತಿರ ಬಹಳ ಹೊತ್ತು ನಿಂತಿದ್ದಳು.

ನವೆಂಬರ್ 6

ಬೆಳಗಿನಿಂದ ಪಾಠ.

"ನಿನ್ನ ಹೆಸರೇನು?" "ವಾಮೋಶ್ ಎತೆಲ್ಕಾ." "ಹುಟ್ಟಿದ್ದು?" ಹೇಳಿದಳು. "ಅಪ್ಪ?" "ತೀರಿಕೊಂಡ್ರು." "ಅಮ್ಮ ಯಾರು?"

ಹೆಲ್ಲಿ ನನ್ನನ್ನು ತೋರಿಸಿದಳು. ಪ್ರತಿ ಸಲವೂ ಅಲ್ಲೇ ತಪ್ಪುತ್ತಾಳೆ. ಏಳನೇ ಸಲ ತಪ್ಪಿದಾಗ ಹೊಡೆದುಬಿಟ್ಟೆ. ಹೊಡೆದ ಕೈಯನ್ನು ಬೇಕೆಂದೇ ಒಲೆಯ ಅಂಚಿಗೆ ತಾಗಿಸಿಕೊಂಡೆ, ಇದನ್ನು ಎಮಿಲನಿಗೆ ಹೇಳಿಲ್ಲ.

"ಹೀಗೆ ಬೇಡ," ಅಂದಳು ಪಿರೋಷ್ಕಾ. "ಅವಳು ನನ್ನನ್ನ ಪಿರಿ ಚಿಕ್ಕಮ್ಮ ಅಂತಾನೇ ಕರೀಲಿ. ಏನೋ ಒಂದು ನೆಪ ಹೇಳ್ತೀನಿ."

"ಬೇಡ. ಗಡಿಯಲ್ಲಿ ಕೇಳೋದು ನಿಮ್ಮನ್ನಲ್ಲ, ಅವಳನ್ನ. ಹೆಲ್ಲಿ, ಇಲ್ಲಿ ನೋಡು. ಇವರು ನಿನ್ನಮ್ಮ. ನಾನು ಯಾರು?"

"…ಮನೆಯವರು."

"ಏನಂತ ಕರೀತೀಯ?"

"ಮಿನ್ನಿ ಅತ್ತೆ."

"ಇವರನ್ನ?"

ನೆಲ ನೋಡುತ್ತ, "ಅಮ್ಮ."

"ಮುಖ ನೋಡಿ ಹೇಳು."

ಇಪ್ಪತ್ತು ಸಲ ಹೇಳಿಸಿದೆ. ಯಾವ ತಾಯಿಗೂ ಈ ಪಾಠ ಹೇಳಿಕೊಡುವ ಕೆಲಸ ಬರದಿರಲಿ. ಆಮೇಲೆ ಇಬ್ಬರನ್ನೂ ಕೂರಿಸಿಕೊಂಡು ಪಿರೋಷ್ಕಾಗೆ ಹೇಳಿದೆ: ಹೆಲ್ಲಿಗೆ ಹಾಲಿನ ಕೆನೆ ಕಂಡರೆ ವಾಂತಿ, ಒದ್ದೆ ತಲೆಯಲ್ಲಿ ಮಲಗಿಸಿದರೆ ಕಿವಿ ನೋವು ಬರುತ್ತದೆ, ಸುಳ್ಳು ಹೇಳುವಾಗ ಎಡಗಾಲಿನ ಮೇಲೆ ನಿಲ್ಲುತ್ತಾಳೆ, ಗುಡುಗಿಗೆ ಹೆದರುವುದಿಲ್ಲ, ಹೆದರುವ ಹಾಗೆ ನಟಿಸಿ ಪಕ್ಕದಲ್ಲಿ ಬಂದು ಮಲಗುತ್ತಾಳೆ. ಒಂದೊಂದು ಹೇಳುವಾಗಲೂ ನನ್ನ ಪೆಟ್ಟಿಗೆಯಿಂದ ಏನೋ ತೆಗೆದು ಅವಳ ಪೆಟ್ಟಿಗೆಗೆ ಹಾಕಿದಂತಾಗುತ್ತಿತ್ತು. ಒಂದನ್ನು ಮಾತ್ರ ಹೇಳಲಿಲ್ಲ. ಅದನ್ನು ಇಲ್ಲೂ ಬರೆಯುವುದಿಲ್ಲ.

ನವೆಂಬರ್ 8, ಶನಿವಾರ

ಹೋದರು.

ನಾನು ರೈಲು ನಿಲ್ದಾಣಕ್ಕೆ ಹೋಗುವಂತಿಲ್ಲ. ಮಗಳು ಸತ್ತ ಮನೆಯವಳು, ಸೂತಕದ ಏಳು ದಿನ ಹೊಸ್ತಿಲು ದಾಟಿದರೆ ಹ್ರುಷ್ಕಾಗೆ ಅನುಮಾನ. ಮಹಡಿ ಮೆಟ್ಟಿಲ ಕೆಳಗಿನವರೆಗೆ ಮಾತ್ರ ಇಳಿದೆ. ಪಿರೋಷ್ಕಾ ಎರಡು ಪೆಟ್ಟಿಗೆ ಹಿಡಿದಿದ್ದಳು. ಹೆಲ್ಲಿಗೆ ಕೆಂಪು ಕೋಟು, ಹಲ್ಲುನೋವೆಂದು ಗದ್ದಕ್ಕೂ ತಲೆಗೂ ಸೇರಿಸಿ ಶಾಲು. ಮೇಲೆ, ನಮ್ಮ ಕತ್ತಲೆ ಕೋಣೆಯಲ್ಲಿ, ಅಪ್ಪಿಕೊಳ್ಳುವುದೆಲ್ಲ ಮುಗಿಸಿಕೊಂಡು ಬಂದಿದ್ದೆವು. ಪಿರೋಷ್ಕಾ ಹೊಸ್ತಿಲಲ್ಲಿ ನನಗೆ ಹೇಳಿದಳು, "ಮಿನ್ನಿ, ನಿನ್ನ ಮಗಳನ್ನ ನಿನ್ನ ಮಗಳಾಗೇ ಇಟ್ಟಿರ್ತೀನಿ." ನಾನು, "ನೀನು ಮೊದಲು ಅವಳನ್ನ ಬದುಕಿಸು," ಎಂದೆ.

ಹ್ರುಷ್ಕಾ ಬಾಗಿಲಿಗೇ ಪೊರಕೆ ಹಿಡಿದು ನಿಂತಿದ್ದಳು.

"ಹೊರಟ್ರಾ? ಏನಾಯ್ತು ಮಗೂ, ಮುಖ ಮುಚ್ಚಿದೀಯ?"

"ಹಲ್ಲುನೋವು," ಅಂದಳು ಪಿರೋಷ್ಕಾ.

"ಒಂದು ವಾರದಲ್ಲಿ ಎತ್ತರ ಆಗಿಬಿಟ್ಟಿದಾಳಲ್ಲ," ಎಂದು ಹ್ರುಷ್ಕಾ ಬಗ್ಗಿದಳು. ಕೈ ಶಾಲಿನ ಕಡೆ ಹೋಯಿತು. ಪಿರೋಷ್ಕಾಳ ಮುಖ ಸುಣ್ಣದಂತೆ ಬೆಳ್ಳಗಾಯಿತು.

ಆಗ ಹೆಲ್ಲಿ ಒಂದು ಹೆಜ್ಜೆ ಹಿಂದೆ ಸರಿದು, ಪಿರೋಷ್ಕಾಳ ತೋಳಿಗೆ ಜೋತುಬಿದ್ದು, ರೇಗಿದ ಮಕ್ಕಳ ದನಿಯಲ್ಲಿ ಎಳೆದಳು: "ಅಮ್ಮಾ… ಟ್ರೈನ್ ಹೊರಟೋಗತ್ತೆ! ನಡೀಮ್ಮಾ!" ಆಮೇಲೆ ಹಂಗೇರಿಯಲ್ಲಿ ಏನೋ ಗೊಣಗಿದಳು. ಹ್ರುಷ್ಕಾ ನಕ್ಕು ದಾರಿ ಬಿಟ್ಟಳು. ಹೆಲ್ಲಿ ನನ್ನ ಕಡೆ ತಿರುಗಿ, ಮನೆಯೊಡತಿಗೆ ಮಾಡುವ ಹಾಗೆ ಮೊಣಕಾಲು ಮಡಚಿ ನಮಸ್ಕರಿಸಿ, "ಹೋಗ್ಬರ್ತೀನಿ, ಮಿನ್ನಿ ಅತ್ತೆ," ಎಂದಳು. ಕೈ ಕುಲುಕಿದೆ. ಕೈಗವಸಿನೊಳಗೆ ಆ ಬೆರಳುಗಳು ಒದ್ದೆಯಾಗಿದ್ದವು.

ಎಷ್ಟು ಚೆನ್ನಾಗಿ ಹೇಳಿದಳು! ಒಂದಿಷ್ಟೂ ತಡವರಿಸಲಿಲ್ಲ. ಅಮ್ಮ ಎಂದು ಅವಳನ್ನು ಕರೆಯುವಾಗ ಒಂದು ಚೂರು ತಡವರಿಸಬಾರದಿತ್ತೆ?

ನವೆಂಬರ್ 11

ಗಡಿ ದಾಟಿರಬೇಕು. ದಾಟಿರಬಹುದು. ಕಿಟಕಿ ಕೋಣೆ ಖಾಲಿ ಇದೆ. ಯಾರೂ ಅಲ್ಲಿಗೆ ಹೋಗಿ ಮಲಗುವ ಮಾತೆತ್ತುವುದಿಲ್ಲ.

ನವೆಂಬರ್ 21, ಶುಕ್ರವಾರ

ಕಾಗದ ಬಂತು! ಸೆನ್ಸಾರಿನವರ ಮೊಹರು ಬಿದ್ದ ಪೋಸ್ಟ್ ಕಾರ್ಡು. ಮೊದಲ ನಾಲ್ಕು ಸಾಲು ಹೆಲ್ಲಿಯ ದುಂಡು ಅಕ್ಷರ:

'ಪ್ರೀತಿಯ ಮಿನ್ನಿ ಅತ್ತೆ, ನಾನೂ ಅಮ್ಮನೂ ಕ್ಷೇಮ. ಮಾವನ ಮನೆಯಲ್ಲಿ ಬೆಕ್ಕಿದೆ. ಅಮ್ಮ ನನಗೆ ನೀಲಿ ಬಣ್ಣದ ಬೂಟು ಕೊಡಿಸಿದಳು. ಅಜ್ಜಿಗೂ ಎಮಿಲ್ ಮಾವನಿಗೂ ಮುತ್ತು. ಎತೆಲ್ಕಾ.'

ಅಮ್ಮ, ಅಮ್ಮ. ಎರಡು ಸಲ. ಒಂದು ಸಲ ಬರೆದಿದ್ದರೆ ಸಾಕಾಗಿತ್ತು. ನೀಲಿ ಬೂಟಂತೆ. ನಾನು ಕೊಡಿಸಿದ್ದು ಯಾವಾಗಲೂ ಕಂದು, ಕೊಳೆ ಕಾಣುವುದಿಲ್ಲವೆಂದು. ಸಂತೋಷವಾಗಿದೆ ಎಂದು ಎಮಿಲನಿಗೆ ಹೇಳಿದೆ, ಸಂತೋಷವೂ ಆಗಿದೆ, ಆದರೂ ಕಾರ್ಡು ಹಿಡಿದ ಕೈ ಸುಡುತ್ತಿತ್ತು.

ಕೆಳಗೆ ಪಿರೋಷ್ಕಾಳ ಸಣ್ಣ ಅಕ್ಷರ. ಹೊಲಿಗೆಯ ಹಾಗೇ, ಕಾಣದಷ್ಟು ಸಣ್ಣ:

'ಪ್ರಿಯ ಮಿನ್ನಿ, ಮಗು ಹಗಲೆಲ್ಲ ನನ್ನದು. ನಿದ್ದೆಯಲ್ಲಿ ಮಾತ್ರ ಬೇರೆ ಯಾರನ್ನೋ ಅಮ್ಮಾ ಎಂದು ಕರೆಯುತ್ತಾಳೆ. ನಾನು ಎದ್ದು ಹತ್ತಿರ ಹೋದರೆ ಕಣ್ಣು ಮುಚ್ಚಿಕೊಂಡೇ, ನೀನಲ್ಲ, ಎನ್ನುತ್ತಾಳೆ. ನನಗೆಷ್ಟು ಹೊಟ್ಟೆಕಿಚ್ಚಾಗುತ್ತದೆಂದು ನಿನಗೆ ಗೊತ್ತಾಗುತ್ತದೆ. ನಿನಗೆ ಮಾತ್ರ ಗೊತ್ತಾಗುತ್ತದೆ.'

ಕಾರ್ಡನ್ನು ಮತ್ತೆ ಮೊದಲಿನಿಂದ ಓದಿದೆ.

ನವೆಂಬರ್ 22

ನಮ್ಮ ಚೀಟಿಯೂ ಬಂತು. ಮೂರು ಹೆಸರು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಶಾಲೆಯಲ್ಲಿರಬೇಕು. ಹೆಲ್ಲಿಯ ಹೆಸರಿನ ಜಾಗದಲ್ಲಿ ಏನೂ ಇಲ್ಲ.

ಪಿರೋಷ್ಕಾಗೆ ಉತ್ತರ ಬರೆದು ಹಾಕಿದೆ. 'ನಾವು ಊರು ಬಿಡುತ್ತಿದ್ದೇವೆ, ವಿಳಾಸ ಗೊತ್ತಾದಾಗ ತಿಳಿಸುತ್ತೇನೆ. ನಿನ್ನ ಮಗಳಿಗೆ ರಾತ್ರಿ ನಿದ್ದೆ ಕೆಟ್ಟರೆ ಬೆನ್ನು ತಟ್ಟಬೇಡ, ಬಲಗಿವಿಯ ಹಿಂದೆ ಮೆಲ್ಲಗೆ ಊದು. ಹಾಗೆ ಮಾಡಿದರೆ ಯಾರನ್ನೂ ನೀನಲ್ಲ ಎನ್ನುವುದಿಲ್ಲ.' ಅವತ್ತು ಹೇಳದೆ ಉಳಿಸಿಕೊಂಡಿದ್ದು ಅದೊಂದೇ.

ನವೆಂಬರ್ 24, ಸೋಮವಾರ, ಬೆಳಿಗ್ಗೆ

ಕಾರ್ಡನ್ನು ಒಲೆಗೆ ಹಾಕಿದೆ. ಯಾರ ಕೈಗಾದರೂ ಸಿಕ್ಕರೆ ಮಗುವಿಗೆ ಅಪಾಯ. ಅತ್ತೆ ಶಾಲು ಹೊದ್ದು ಪೆಟ್ಟಿಗೆಯ ಮೇಲೆ ಕೂತಿದ್ದಾರೆ.

"ಆ ಹಂಗೇರಿಯವಳು ಬರ್ದಿದ್ದನ್ನ ಇನ್ನೊಂದ್ಸಲ ಓದು ಮಿನ್ನಿ."

"ಸುಟ್ಟಾಯ್ತಲ್ಲ ಅತ್ತೆ."

"ಸುಳ್ಳು ಹೇಳ್ಬೇಡ, ನಿಂಗೆ ಬಾಯಿಪಾಠ ಆಗಿದೆ."

ಹೇಳಿದೆ. ಎಮಿಲ್ ಬೂಟಿನ ದಾರ ಕಟ್ಟುವುದನ್ನು ಬಿಟ್ಟು ಕೇಳಿಸಿಕೊಂಡ. "ನೀನಲ್ಲ ಅಂದ್ಲಂತಾ?" ಎಂದು ಅತ್ತೆ ತೊಡೆ ತಟ್ಟಿ ನಕ್ಕರು. "ಕತ್ತೆ ಮುಂಡೇದು. ಥೇಟ್ ನಿನ್ನ ಹಾಗೇ."

ಈ ಪುಸ್ತಕವನ್ನೂ ಒಲೆಗೆ ಹಾಕಲು ಹೋದೆ. ಎಮಿಲ್ ಕೈ ಹಿಡಿದ. ನೆಲಮಾಳಿಗೆಯ ಗೋಡೆಯಲ್ಲಿ ಒಂದು ಇಟ್ಟಿಗೆ ಸಡಿಲವಿದೆಯಂತೆ, ಅದರ ಹಿಂದೆ ಇಟ್ಟು ಮಣ್ಣು ಮೆತ್ತಿ ಬರುತ್ತಾನಂತೆ. ಅಪಾಯ ಅಲ್ಲವೇ ಎಂದೆ. ಹೌದು ಎಂದ.

"ಡಾಕ್ಟರ್ ಕಾಗದದಲ್ಲಿ, ನಮ್ಮವರ ಸಮಾಜದ ರಿಜಿಸ್ಟರಲ್ಲಿ, ಗೋರಿ ಮೇಲೆ, ಎಲ್ಲಾ ಕಡೆ ನಮ್ಮ ಹುಡುಗಿ ಸತ್ತೋದ್ಲು ಅಂತಾನೇ ಬರ್ದಿದೆ ಮಿನ್ನಿ. ಇಲ್ಲ ಅಂತ ಒಂದು ಕಡೆಯಾದ್ರೂ ಬರ್ದಿರ್ಲಿ."

ಇಪ್ಪತ್ತು ವರ್ಷ ಅಚ್ಚಿನ ಮೊಳೆ ಜೋಡಿಸಿದವನು. ಬರೆದದ್ದರ ಮೇಲೆ ಅವನಿಗೆ ನಂಬಿಕೆ. ಗಂಟೆ ಏಳೂವರೆ. ಕೆಳಗೆ ಒಯ್ಯಲು ಇದನ್ನು ಅವನ ಕೈಗೆ ಕೊಡಬೇಕು. ಆದ್ದರಿಂದ ಬರೆಯುತ್ತೇನೆ: ಹೆಲೆನೆ ಲೋಬ್ಲ್ ಬದುಕಿದ್ದಾಳೆ. ಅವಳಿಗೆ ಇಬ್ಬರು ತಾಯಂದಿರು, ಇಬ್ಬರಿಗೂ ಅವಳ ವಿಷಯದಲ್ಲಿ ಹೊಟ್ಟೆಕಿಚ್ಚು.